ಹೆಪಟೈಟಿಸ್ ಬಿ ಇರುವವರ ನಿದ್ದೆ: ಮಿದುಳಿನ ಅಲೆಗಳ ವರದಿಯಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನನ್ನ ಯಜಮಾನರಿಗೆ 54 ವರ್ಷ. ಹನ್ನೊಂದು ವರ್ಷಗಳ ಹಿಂದೆ ರಕ್ತದಾನ ಶಿಬಿರದಲ್ಲಿ ಅವರಿಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಆರು ವರ್ಷಗಳಿಂದ ಟೆನೊಫೊವಿರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ಸ್ಕ್ಯಾನಿಂಗಿನಲ್ಲಿ ಲಿವರ್ ಒರಟಾಗಿದೆ ಎಂದಿತ್ತು. ನಮ್ಮದು ಅಡಿಕೆ ತೋಟ, ಸ್ವಲ್ಪ ರಬ್ಬರ್. ಕಳೆದ ವರ್ಷದ ತನಕ ಟ್ಯಾಪಿಂಗ್ ಅವರೇ ಮಾಡುತ್ತಿದ್ದರು. ಒಂದು ವರ್ಷದಿಂದ ರಾತ್ರಿ ಒಂಬತ್ತೂವರೆಗೆ ಮಲಗಿದರೂ ಎರಡು ಗಂಟೆಗೆ ಎಚ್ಚರವಾಗಿ ಬೆಳಗಿನ ತನಕ ಹೊರಳಾಡುತ್ತಾರೆ. ಹಗಲು ಊಟವಾದ ಮೇಲೆ ನಾಲ್ಕರ ತನಕ ನಿದ್ದೆ. ಪೇಪರ್ ಓದುತ್ತಾ ಕುಳಿತಲ್ಲೇ ತೂಕಡಿಸುವುದೂ ಇದೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ನಿಂತು ನಿದ್ದೆಯ ಪರೀಕ್ಷೆ ಮಾಡಿಸಿದೆವು. ಗಾಢ ನಿದ್ದೆ ಕಡಿಮೆ, ಅದರೊಳಗೆ ಆಲ್ಫಾ ಅಲೆಗಳು ಸೇರಿಕೊಂಡಿವೆ ಎಂದು ವರದಿ ಬಂದಿದೆ. ವೈರಸ್ ಮಿದುಳಿಗೆ ಹೋಗಿದೆಯೇ? ಸಂಬಂಧಿಕರೊಬ್ಬರು ತೆಗೆದುಕೊಳ್ಳುವ ಅಲ್ಪ್ರಜೊಲಾಮ್ ಮಾತ್ರೆಯನ್ನು ಅರ್ಧ ಕೊಡಬಹುದೇ? ವೈರಸ್ ಹತೋಟಿಯಲ್ಲಿದ್ದರೆ ನಿದ್ದೆ ತಾನಾಗಿ ಸರಿಯಾಗಬೇಡವೇ? ಅವರು ಸ್ಕೂಟರಿನಲ್ಲಿ ಪೇಟೆಗೆ ಹೋಗಿಬರುವುದನ್ನು ನಿಲ್ಲಿಸಬೇಕೇ?
— ಓದುಗರು, ಬದಿಯಡ್ಕ

ಉತ್ತರ: ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ; ಉಳಿದದ್ದನ್ನು ನೀವು ಬಿಡುವಾದಾಗ ಓದಿದರೂ ಆದೀತು. ಅಲ್ಪ್ರಜೊಲಾಮ್ ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಬರಿಯ ನಿದ್ದೆಗೇಡಿನ ಪ್ರಶ್ನೆಯಾಗಿದ್ದರೆ ಇಷ್ಟು ಖಂಡಿತವಾಗಿ ಹೇಳುವ ಅಗತ್ಯವಿರಲಿಲ್ಲ. ಆದರೆ ಬಹುಕಾಲದಿಂದ ಹೆಪಟೈಟಿಸ್ ಬಿ ಇರುವ, ಸ್ಕ್ಯಾನಿಂಗಿನಲ್ಲಿ ಯಕೃತ್ತು ಒರಟಾಗಿ ಕಂಡಿರುವ ವ್ಯಕ್ತಿಯ ನಿದ್ದೆಯು ರಾತ್ರಿಯಿಂದ ಹಗಲಿಗೆ ಸರಿದಿದೆ ಎಂದಾಗ, ಅದರ ಹಿಂದೆ ನಿದ್ದೆಯ ಮಾತ್ರೆ ಕೆರಳಿಸಬಹುದಾದ ಒಂದು ಕಾರಣ ಇರಬಹುದು. ಆ ಕಾರಣ ಇಲ್ಲವೆಂದು ಖಚಿತವಾಗುವ ತನಕ ಮಾತ್ರೆಯ ಮಾತೇ ಬೇಡ.

ವೈರಸ್ ಮಿದುಳಿಗೆ ಹೋಗಿದೆಯೇ ಎಂಬ ನಿಮ್ಮ ಭಯಕ್ಕೆ ಈ ವರದಿಯಲ್ಲಿ ಆಧಾರವಿಲ್ಲ. ಹೆಪಟೈಟಿಸ್ ಬಿ ವೈರಸ್ ಜೀವಕೋಶದೊಳಗೆ ನುಗ್ಗಲು ಎನ್‌ಟಿಸಿಪಿ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ ಎಂಬುದು 2012ರಲ್ಲಿ ತಿಳಿದುಬಂತು. ಈ ಪ್ರೋಟೀನು ಪಿತ್ತದ ಲವಣಗಳನ್ನು ಸಾಗಿಸಲು ಮುಖ್ಯವಾಗಿ ಯಕೃತ್ತಿನ ಕೋಶಗಳ ಮೇಲೆಯೇ ಇರುವಂಥದ್ದು. ಆದ್ದರಿಂದಲೇ ಈ ವೈರಸ್ಸಿನ ಸಂಸಾರವೆಲ್ಲ ಯಕೃತ್ತಿನಲ್ಲಿ ನಡೆಯುತ್ತದೆ. ಎಲ್ಲ ವೈರಸ್ಸುಗಳೂ ಹೀಗಲ್ಲ. ಎಚ್‌ಐವಿ ಸೋಂಕು ತಗುಲಿದ ಕೆಲವೇ ವಾರಗಳಲ್ಲಿ, ರಕ್ತದ ಬಿಳಿ ಕಣಗಳ ಒಳಗೆ ಕುಳಿತು ಮಿದುಳನ್ನು ಸೇರಬಲ್ಲುದು. ಹೆಪಟೈಟಿಸ್ ಸಿ ವೈರಸ್ಸಿನ ಕುರುಹುಗಳು ಮಿದುಳಿನ ಅಂಗಾಂಶದಲ್ಲಿ ಸಿಕ್ಕಿದ್ದುಂಟು. ಆದರೆ ನಿದ್ದೆಯಲ್ಲಿ ಮಿದುಳಿನ ಚಟುವಟಿಕೆ ಬದಲಾಗಲು ವೈರಸ್ ಅಲ್ಲಿಗೆ ಹೋಗಲೇಬೇಕೆಂದಿಲ್ಲ. ದೇಹದ ಇನ್ನೊಂದು ಮೂಲೆಯಲ್ಲಿದ್ದುಕೊಂಡೇ ಅದು ಮಿದುಳಿನ ರಾತ್ರಿಯನ್ನು ಕೆಡಿಸಬಲ್ಲ ದಾರಿಗಳು ಹಲವು ಇವೆ. ನಿಮ್ಮ ಯಜಮಾನರಲ್ಲಿ ಯಾವ ದಾರಿ ಎಂಬುದನ್ನು ಮೊದಲು ಕಂಡುಕೊಳ್ಳಬೇಕು, ಚಿಕಿತ್ಸೆ ಅದರ ಮೇಲೆ ನಿಂತಿದೆ. ವರದಿಯ ಆ ಒಂದು ಸಾಲು ಅದನ್ನು ಹೇಳುವುದಿಲ್ಲ.

ಆ ಪರೀಕ್ಷೆಯಲ್ಲಿ ಏನು ನಡೆಯಿತೆಂದು ನೀವೇ ನೋಡಿರುತ್ತೀರಿ. ನೆತ್ತಿಯ ಮೇಲೆ ಅಂಟಿನ ಪೇಸ್ಟ್ ಹಚ್ಚಿ ವಯರುಗಳನ್ನು ಕೂರಿಸುತ್ತಾರೆ, ಕಣ್ಣಿನ ಪಕ್ಕ, ಗಲ್ಲದ ಕೆಳಗೆ ಮತ್ತು ಮೊಣಕಾಲಿನ ಕೆಳಗಿನ ಮಾಂಸಖಂಡಕ್ಕೆ ಇನ್ನಷ್ಟು, ಮೂಗಿಗೆ ಸಣ್ಣ ನಳಿಕೆ, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಇಡೀ ರಾತ್ರಿಯ ದಾಖಲೆಯನ್ನು ಮೂವತ್ತು ಮೂವತ್ತು ಸೆಕೆಂಡುಗಳ ಪುಟಗಳಾಗಿ ಕತ್ತರಿಸಿ, ಪ್ರತಿಯೊಂದು ಪುಟವೂ ನಿದ್ದೆಯ ಯಾವ ಹಂತಕ್ಕೆ ಸೇರಿದ್ದು ಎಂದು ತಂತ್ರಜ್ಞರು ಗುರುತು ಹಾಕುತ್ತಾರೆ. ಎಂಟು ಗಂಟೆಯ ರಾತ್ರಿಗೆ ಇಂಥ 960 ಪುಟಗಳಾಗುತ್ತವೆ. ನಿಮ್ಮ ಕೈಗೆ ಬಂದಿರುವ ಎರಡು ಹಾಳೆ ಇಷ್ಟರ ಸಾರಾಂಶ.

ಎಚ್ಚರವಿದ್ದು ಕಣ್ಣು ಮುಚ್ಚಿ ಸುಮ್ಮನೆ ಮಲಗಿದವರ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರು ಸಲ ಏರಿಳಿಯುವ ಅಲೆ ಕಾಣಿಸುತ್ತದೆ, ಇದು ಆಲ್ಫಾ. ನಿದ್ದೆಗೆ ಜಾರುತ್ತಿದ್ದಂತೆ ಆಲ್ಫಾ ಕರಗಿಹೋಗುತ್ತದೆ. ಎರಡನೆಯ ಹಂತದಲ್ಲಿ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಇದ್ದು ಮಾಯವಾಗುವ ವೇಗದ ಅಲೆಗಳ ಗುಚ್ಛಗಳು ಬರುತ್ತವೆ, ಇವಕ್ಕೆ ಸ್ಪಿಂಡಲ್ ಎಂದು ಹೆಸರು. ಮೂರನೆಯ ಹಂತವಾದ ಗಾಢ ನಿದ್ದೆಯಲ್ಲಿ ಅಲೆಗಳು ಎತ್ತರವಾಗಿಯೂ ನಿಧಾನವಾಗಿಯೂ ಆಗುತ್ತವೆ. ಸೆಕೆಂಡಿಗೆ ಎರಡನ್ನು ಮೀರದ, ಸಾಕಷ್ಟು ಎತ್ತರದ ಇಂಥ ಅಲೆಗಳು ಮೂವತ್ತು ಸೆಕೆಂಡಿನ ಪುಟದಲ್ಲಿ ಕನಿಷ್ಠ ಆರು ಸೆಕೆಂಡು ತುಂಬಿದ್ದರೆ ಮಾತ್ರ ಅದಕ್ಕೆ ಗಾಢ ನಿದ್ದೆಯ ಗುರುತು ಬೀಳುತ್ತದೆ. ಸುಮಾರು ಒಂದೂವರೆ ಗಂಟೆಗೊಮ್ಮೆ ಕನಸುಗಳ ಹಂತವಾದ ರೆಮ್ ನಿದ್ದೆ ಬಂದುಹೋಗುತ್ತದೆ. ಗಾಢ ನಿದ್ದೆಯ ಪಾಲು ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ರೆಮ್ ಪಾಲು ಬೆಳಗಿನ ಜಾವದಲ್ಲಿ ಹೆಚ್ಚು.

ವರದಿಯಲ್ಲಿ ಹೇಳಿದ ದೋಷವೆಂದರೆ, ಕಡಲಿನ ದೊಡ್ಡ ತೆರೆಯ ಬೆನ್ನ ಮೇಲೆ ಸಣ್ಣ ಅಲೆಗಳು ಓಡುವಂತೆ, ಗಾಢ ನಿದ್ದೆಯ ನಿಧಾನದ ಅಲೆಗಳ ಮೇಲೆ ಎಚ್ಚರದ ಆಲ್ಫಾ ಅಲೆ ಕುಳಿತಿದೆ ಎಂಬುದು. 1973ರಲ್ಲಿ ಪೀಟರ್ ಹೌರಿ ಮತ್ತು ಡೇವಿಡ್ ಹಾಕಿನ್ಸ್ ಇದನ್ನು ವರ್ಣಿಸಿದರು. ಎರಡು ವರ್ಷಗಳ ಬಳಿಕ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು ಮೈಕೈ ನೋವಿನಿಂದ ನರಳುವವರಲ್ಲಿ ಇದನ್ನೇ ತೋರಿಸಿದರು. ಇಂಥವರು ಗಂಟೆಗಟ್ಟಲೆ ಮಲಗಿದರೂ ನಿದ್ದೆ ಮಾಡಿದ ಹಾಗೆ ಅನಿಸಲೇ ಇಲ್ಲ ಎನ್ನುತ್ತಾರೆ. 2006–07ರಲ್ಲಿ ಕೇರಳದಲ್ಲಿ ಚಿಕುನ್‌ಗುನ್ಯಾ ಹರಡಿ, ಜ್ವರ ಇಳಿದು ತಿಂಗಳುಗಳು ಕಳೆದರೂ ಗಂಟು ನೋವು ಬಿಡದಿದ್ದವರು ನಿಮ್ಮ ಆಸುಪಾಸಿನಲ್ಲೂ ಇದ್ದಾರು. ಅವರ ಬಾಯಲ್ಲೂ ಇದೇ ಮಾತನ್ನು ನೀವು ಕೇಳಿರಬಹುದು. ಹಾಗೆಂದು ಆಲ್ಫಾ ಸೇರಿಕೊಂಡಿರುವುದು ಯಾವುದೇ ಒಂದು ಕಾಯಿಲೆಯ ಮುದ್ರೆಯಲ್ಲ. ನೋವಿರುವವರಲ್ಲಿ, ಖಿನ್ನತೆ ಇರುವವರಲ್ಲಿ, ಕೆಲವೊಮ್ಮೆ ಯಾವ ದೂರೂ ಇಲ್ಲದ ಆರೋಗ್ಯವಂತರಲ್ಲಿ ಸಹ ಇದು ಕಾಣಿಸುತ್ತದೆ. ಹೀಗಾಗಿ ಆ ಸಾಲನ್ನು ನೋಡಿ ಹೆದರುವುದು ಅನಗತ್ಯ, ಅದೊಂದನ್ನೇ ನೆಚ್ಚಿ ಮದ್ದು ಕೊಡುವುದು ತಪ್ಪು.

ಗಾಢ ನಿದ್ದೆ ಕಡಿಮೆ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಇಪ್ಪತ್ತರ ಹರೆಯದಲ್ಲಿ ರಾತ್ರಿಯ ಐದನೇ ಒಂದು ಭಾಗದಷ್ಟಿರುವ ಗಾಢ ನಿದ್ದೆ, ಗಂಡಸರಲ್ಲಿ ಐವತ್ತಾಗುವ ಹೊತ್ತಿಗೆ ಬಹಳಷ್ಟು ಇಳಿದಿರುತ್ತದೆ. ಅದಲ್ಲದೆ ಹೊಸ ಜಾಗ, ತಲೆ ತುಂಬ ವಯರು, ಆಚೆ ಕೋಣೆಯಲ್ಲಿ ಯಾರೋ ನೋಡುತ್ತಿದ್ದಾರೆಂಬ ಮುಜುಗರ. ಪರೀಕ್ಷೆಯ ಮೊದಲ ರಾತ್ರಿ ಯಾರಿಗೇ ಆದರೂ ಗಾಢ ನಿದ್ದೆ ಮತ್ತು ರೆಮ್ ಎರಡೂ ಕಡಿಮೆಯಾಗುತ್ತವೆ ಎಂಬುದು ನಿದ್ದೆಯ ಪ್ರಯೋಗಾಲಯಗಳಲ್ಲಿ ಹಳೆಯ ಅನುಭವ.

ಇಷ್ಟೆಲ್ಲ ಕಳೆದ ಮೇಲೂ ದೀರ್ಘಕಾಲದ ವೈರಸ್ ಸೋಂಕು ನಿದ್ದೆಯಲ್ಲಿರುವ ಮಿದುಳನ್ನು ಬದಲಿಸುತ್ತದೆ ಎಂಬುದು ನಿಜವೇ. ಅದರ ಮೊದಲ ದಾರಿ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಜ್ವರ ಬಂದಾಗ ನಿದ್ದೆ ಎಳೆಯುವುದು ಸುಸ್ತಿನಿಂದ ಎಂದು ನಾವೆಲ್ಲ ತಿಳಿದಿದ್ದೇವೆ. ವಾಸ್ತವದಲ್ಲಿ ಅದು ರಕ್ತದಲ್ಲಿ ಹರಡುವ ಸಂದೇಶದ ಪರಿಣಾಮ. 1980ರ ದಶಕದಲ್ಲಿ ಜೇಮ್ಸ್ ಕ್ರೂಗರ್ ಮತ್ತು ಸಂಗಡಿಗರು ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕ ಪ್ರೋಟೀನನ್ನು ಮೊಲಗಳಿಗೆ ಕೊಟ್ಟಾಗ, ಅವುಗಳ ನಿಧಾನದ ಅಲೆಗಳ ನಿದ್ದೆ ಹೆಚ್ಚಾಯಿತು. ಸೋಂಕಿನ ವಿರುದ್ಧ ಹೋರಾಡುವಾಗ ಬಿಳಿ ಕಣಗಳು ಹೊರಬಿಡುವ ಸೈಟೋಕೈನ್‌ಗಳ ಕುಟುಂಬಕ್ಕೆ ಸೇರಿದ ಪ್ರೋಟೀನ್ ಅದು. ಟಿಎನ್‌ಎಫ್ ಎಂಬ ಇನ್ನೊಂದು ಸೈಟೋಕೈನ್ ಕೂಡ ಹೀಗೆಯೇ ವರ್ತಿಸುತ್ತದೆ. ಅದೇ ಹೊತ್ತಿಗೆ ರೆಮ್ ನಿದ್ದೆ ಕುಗ್ಗುತ್ತದೆ, ಅದಕ್ಕೂ ಅರ್ಥವಿದೆ: ರೆಮ್ ನಡೆಯುವಾಗ ದೇಹ ನಡುಗಲಾರದು, ನಡುಗದೆ ಜ್ವರ ಏರದು.

ಆದರೆ ಪ್ರಮಾಣ ಹೆಚ್ಚಿದಾಗ, ಇಲ್ಲವೇ ಸಂದೇಶ ವಾರಗಟ್ಟಲೆ ನಿಲ್ಲದೆ ಬರುತ್ತಿದ್ದಾಗ, ಇದೇ ಸೈಟೋಕೈನ್‌ಗಳು ನಿದ್ದೆಯನ್ನು ಚೂರುಚೂರು ಮಾಡುತ್ತವೆ. ಇದಕ್ಕೆ ಬಲವಾದ ಸಾಕ್ಷಿ ಒದಗಿದ್ದು ಹೆಪಟೈಟಿಸ್ ಸಿ ರೋಗಿಗಳಿಂದ. ಆ ರೋಗಕ್ಕೆ ಈಗಿನ ಗುಳಿಗೆಗಳು ಬರುವ ಮೊದಲು ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡಬೇಕಾಗಿತ್ತು. ಇಂಟರ್‌ಫೆರಾನ್ ಎಂಬುದು ವೈರಸ್ ಬಂದಾಗ ದೇಹವೇ ತಯಾರಿಸುವ ಸಂದೇಶ. ಅದನ್ನೇ ಹೊರಗಿನಿಂದ ಹೆಚ್ಚು ಪ್ರಮಾಣದಲ್ಲಿ ಕೊಟ್ಟಂತೆ. ಚಾರ್ಲ್ಸ್ ರೇಸನ್ ಮತ್ತು ಸಂಗಡಿಗರು ಇಂಥವರ ನಿದ್ದೆಯ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಚುಚ್ಚುಮದ್ದು ಪಡೆಯುತ್ತಿದ್ದವರಲ್ಲಿ ನಡುರಾತ್ರಿಯ ಎಚ್ಚರ ಹೆಚ್ಚಿತ್ತು, ಗಾಢ ನಿದ್ದೆ ಇಳಿದಿತ್ತು, ಹಾಸಿಗೆಯಲ್ಲಿ ಕಳೆದ ಹೊತ್ತಿಗೂ ನಿಜವಾಗಿ ನಿದ್ರಿಸಿದ ಹೊತ್ತಿಗೂ ಅಂತರ ಬೆಳೆದಿತ್ತು. ಚುಚ್ಚುಮದ್ದು ವೈರಸ್ಸನ್ನು ಹೊಡೆಯಲು ಕೊಟ್ಟದ್ದೆಂಬುದನ್ನು ನೆನಪಿಡಿ. ನಿದ್ದೆ ಕೆಡಿಸಿದ್ದು ವೈರಸ್ಸಿನ ವಿರುದ್ಧದ ಯುದ್ಧದ ಸದ್ದು.

ಈ ಸಂದೇಶ ಮಿದುಳಿಗೆ ತಲುಪುವುದು ಹೇಗೆ? ರಕ್ತ ಮತ್ತು ಮಿದುಳಿನ ನಡುವಿನ ತಡೆ ದೊಡ್ಡ ಪ್ರೋಟೀನುಗಳನ್ನು ಸುಲಭವಾಗಿ ಬಿಡುವುದಿಲ್ಲ. ತಡೆ ತೆಳುವಾಗಿರುವ ಕೆಲವು ಸ್ಥಾನಗಳಿಂದ ಸ್ವಲ್ಪ ಒಳಹೋಗುತ್ತದೆ. ರಕ್ತನಾಳದ ಗೋಡೆಯ ಕೋಶಗಳು ಸಂದೇಶವನ್ನು ಪ್ರೊಸ್ಟಾಗ್ಲಾಂಡಿನ್ ರೂಪಕ್ಕೆ ಬದಲಿಸಿ ಒಳಗೆ ದಾಟಿಸುತ್ತವೆ. ಮೂರನೆಯದು ವೇಗಸ್ ನರ. ಹೊಟ್ಟೆಯ ಅಂಗಗಳಿಂದ ಮಿದುಳಿನ ಬುಡಕ್ಕೆ ನೇರವಾಗಿ ಹೋಗುವ ಈ ನರದ ಕವಲು ಯಕೃತ್ತಿಗೂ ಇದೆ. ಇಲಿಗಳಲ್ಲಿ ವಪೆಯ ಕೆಳಗೆ ಈ ನರವನ್ನು ಕತ್ತರಿಸಿ, ಹೊಟ್ಟೆಗೆ ಇಂಟರ್‌ಲ್ಯೂಕಿನ್-1 ಚುಚ್ಚಿದಾಗ ಬರಬೇಕಾದ ನಿದ್ದೆ ಕಡಿಮೆಯಾಯಿತು. ಯಕೃತ್ತಿನ ಉರಿಯೂತದ ಸುದ್ದಿ ಮಿದುಳಿಗೆ ಮುಟ್ಟಲು ತಂತಿ ಸಿದ್ಧವಾಗಿಯೇ ಇದೆ ಎಂದಂತಾಯಿತು.

ಹಂತ ಹಂತವಾಗಿ ಬದಲಾವಣೆ ಆಗುತ್ತದೆ ಎಂಬುದನ್ನು ಎಚ್‌ಐವಿ ಚೆನ್ನಾಗಿ ತೋರಿಸುತ್ತದೆ. 1990ರ ಸುಮಾರಿಗೆ ಅಮೆರಿಕದಲ್ಲಿ, ಸೋಂಕು ತಗುಲಿದ್ದರೂ ಇನ್ನೂ ಯಾವ ಲಕ್ಷಣವೂ ಇಲ್ಲದವರ ನಿದ್ದೆ ಪರೀಕ್ಷಿಸಿದಾಗ, ರಾತ್ರಿಯ ಉತ್ತರಾರ್ಧದಲ್ಲಿ, ಅಂದರೆ ಇರಬಾರದ ಹೊತ್ತಿನಲ್ಲಿ, ಗಾಢ ನಿದ್ದೆ ಹೆಚ್ಚಾಗಿ ಕಂಡಿತು. ರೋಗ ಮುಂದುವರಿದವರಲ್ಲಿ ಗಾಢ ನಿದ್ದೆ ಇಳಿದು, ರಾತ್ರಿಯ ರಚನೆಯೇ ಒಡೆದುಹೋಗಿತ್ತು. ಮೊದಲು ಹೆಚ್ಚು, ಆಮೇಲೆ ಕಡಿಮೆ ಎಂಬ ಈ ಕ್ರಮ ಗೊತ್ತಿಲ್ಲದಿದ್ದರೆ ಒಂದೇ ರಾತ್ರಿಯ ಪರೀಕ್ಷೆಯಿಂದ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ.

ನಿಮ್ಮ ಯಜಮಾನರ ವಿಷಯದಲ್ಲಿ ಆರು ವರ್ಷದ ಮಾತ್ರೆಯಿಂದ ವೈರಸ್ಸಿನ ಪ್ರಮಾಣ ತಳ ಸೇರಿದ್ದರೆ, ಉರಿಯೂತವೂ ಇಳಿದಿರುವುದು ಸಹಜ, ಆಗ ಈ ಮೊದಲ ದಾರಿಯ ಪಾಲು ಸಣ್ಣದು. ವೈರಸ್ಸಿನ ಪ್ರಮಾಣ ಅಳೆಯುವ ಎಚ್‌ಬಿವಿ ಡಿಎನ್‌ಎ, ಯಕೃತ್ತಿನ ಉರಿಯೂತ ತೋರಿಸುವ ಎಎಲ್‌ಟಿ ಎಂಬ ಎರಡು ರಕ್ತ ಪರೀಕ್ಷೆಗಳು ಇದನ್ನು ಹೇಳುತ್ತವೆ. ನನ್ನ ಗಮನ ಹೋಗುತ್ತಿರುವುದು ಎರಡನೆಯ ದಾರಿಯ ಕಡೆಗೆ.

ಯಕೃತ್ತು ಕಲೆಗಟ್ಟಿ ಗಡುಸಾದಾಗ, ಅಂದರೆ ಸಿರೋಸಿಸ್ ಆದಾಗ, ಕರುಳಿನಿಂದ ಬರುವ ಅಮೋನಿಯವನ್ನು ಪೂರ್ತಿಯಾಗಿ ಸೋಸುವುದು ಅದರಿಂದ ಆಗುವುದಿಲ್ಲ; ಒಂದು ಪಾಲು ರಕ್ತ ಯಕೃತ್ತನ್ನು ಬಳಸಿಕೊಂಡು ಅಡ್ಡದಾರಿಯಲ್ಲಿ ನೇರ ಮುಂದಕ್ಕೆ ಹೋಗುತ್ತದೆ. ಮಿದುಳಿನಲ್ಲಿ ನರಕೋಶಗಳ ಆಸರೆಗೆ ಇರುವ ಆಸ್ಟ್ರೋಸೈಟ್ ಎಂಬ ಕೋಶಗಳು ಆ ಅಮೋನಿಯವನ್ನು ಗ್ಲುಟಮೈನ್ ಆಗಿ ಬದಲಿಸುತ್ತಾ ತಾವೇ ಊದಿಕೊಳ್ಳುತ್ತವೆ. ಆಗ ಎಚ್ಚರದ ಮಿದುಳಿನ ಅಲೆಗಳು ನಿಧಾನವಾಗುತ್ತವೆ, ಮನುಷ್ಯ ಹಗಲಿನಲ್ಲಿ ಪೂರ್ತಿ ಎಚ್ಚರವೂ ಅಲ್ಲದ, ರಾತ್ರಿಯಲ್ಲಿ ಪೂರ್ತಿ ನಿದ್ದೆಯೂ ಅಲ್ಲದ ಸ್ಥಿತಿಗೆ ಬರುತ್ತಾನೆ. ವೈದ್ಯರು ಇದನ್ನು ಹೆಪಾಟಿಕ್ ಎನ್‌ಸೆಫಲೋಪಥಿ ಎನ್ನುತ್ತಾರೆ. ಲಂಡನ್ನಿನ ಶೀಲಾ ಶೆರ್ಲಾಕ್ ಮತ್ತು ಸಂಗಡಿಗರು 1954ರಲ್ಲಿ ಇದನ್ನು ವಿವರಿಸುವಾಗಲೇ, ರಾತ್ರಿ ಎಚ್ಚರ ಹಗಲು ನಿದ್ದೆ ಎಂಬ ತಿರುಗುಮುರುಗನ್ನು ಆರಂಭದ ಲಕ್ಷಣಗಳಲ್ಲಿ ಸೇರಿಸಿದ್ದರು. ನಿಮ್ಮ ಪತ್ರದಲ್ಲಿ ಇರುವುದು ಬಹುಪಾಲು ಅದೇ ಚಿತ್ರ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಬರುವ ಮೆಲಟೋನಿನ್ ಹಾರ್ಮೋನನ್ನು ರಕ್ತದಿಂದ ತೆಗೆದುಹಾಕುವುದು ಯಕೃತ್ತು. ಸಿರೋಸಿಸ್ ಇರುವವರಲ್ಲಿ ಅದು ಹಗಲಿನಲ್ಲೂ ಉಳಿದುಕೊಂಡಿರುತ್ತದೆ, ರಾತ್ರಿಯ ಏರಿಕೆ ತಡವಾಗುತ್ತದೆ. ಇದರಿಂದ ದೇಹದ ಗಡಿಯಾರ ಹಿಂದೆ ಬೀಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಗುಳಿಗೆಯನ್ನೂ ನೀವಾಗಿ ತಂದು ಕೊಡಬೇಡಿ.

ಅಲ್ಪ್ರಜೊಲಾಮ್ ಏಕೆ ಬೇಡ ಎಂಬುದು ಈಗ ಸ್ಪಷ್ಟವಾಗಿರಬೇಕು. ಆ ಜಾತಿಯ ಮಾತ್ರೆಗಳು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ವ್ಯವಸ್ಥೆಯನ್ನು ಬಲಪಡಿಸುತ್ತವೆ. ಅಮೋನಿಯದಿಂದ ಈಗಾಗಲೇ ತಗ್ಗಿರುವ ಮಿದುಳಿನ ಮೇಲೆ ಇದೂ ಸೇರಿದರೆ ಗೊಂದಲ, ಅರೆಪ್ರಜ್ಞೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಮದ್ದನ್ನು ಕರಗಿಸಬೇಕಾದ ಯಕೃತ್ತೇ ಸೋತಿರುವುದರಿಂದ ಒಂದು ರಾತ್ರಿಯ ಮಾತ್ರೆ ಮರುದಿನವೂ ರಕ್ತದಲ್ಲಿ ಉಳಿದಿರುತ್ತದೆ. ಇನ್ನು, ಈ ಮಾತ್ರೆಗಳಿಂದ ಬರುವ ನಿದ್ದೆಯಲ್ಲಿ ಗಾಢ ನಿದ್ದೆಯ ಪಾಲು ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ. ವರದಿಯ ದೋಷವನ್ನು ಅದು ಸರಿಪಡಿಸುವುದೂ ಇಲ್ಲ. ನಿದ್ದೆ ಬರಿಸುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್ ಇವೂ ಅದೇ ಸಾಲಿಗೆ ಸೇರಿದವು. ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವ ಹಿತೈಷಿಗಳು ಎಲ್ಲ ಊರಿನಲ್ಲೂ ಇರುತ್ತಾರೆ, ಅವರನ್ನು ಜಗಲಿಯಿಂದಲೇ ಕಳುಹಿಸಿಬಿಡಿ.

ಮನೆಯಲ್ಲೇ ನೋಡಬಹುದಾದ ಮೂರು ವಿಷಯಗಳಿವೆ, ಇವುಗಳಿಂದ ರೋಗ ನಿರ್ಣಯ ಆಗುವುದಿಲ್ಲ, ವೈದ್ಯರಿಗೆ ಹೇಳಲು ಸಾಮಗ್ರಿ ಸಿಗುತ್ತದೆ. ಅಡಿಕೆ ಕೊಟ್ಟ ರಸೀದಿಗೋ ಸೊಸೈಟಿಯ ಕಾಗದಕ್ಕೋ ಅವರು ಎರಡು ವರ್ಷದ ಹಿಂದೆ ಹಾಕಿದ ಸಹಿಯನ್ನು ಈಗಿನ ಸಹಿಯ ಪಕ್ಕದಲ್ಲಿಟ್ಟು ನೋಡಿ; ಅಕ್ಷರ ನಡುಗಿದೆಯೇ, ಒಂದರ ಮೇಲೊಂದು ಬಿದ್ದಿದೆಯೇ, ಸಾಲು ಇಳಿದಿದೆಯೇ. ಎರಡನೆಯದಾಗಿ, ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ಅಂಗೈಯಿಂದ ಯಾರನ್ನೋ ತಡೆಯುವ ರೀತಿಯಲ್ಲಿ ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಅರ್ಧ ನಿಮಿಷ ಹಿಡಿಯಲು ಹೇಳಿ. ಕೈ ಆಗಾಗ ಫಕ್ಕನೆ ಮುಂದಕ್ಕೆ ಜೋತು ಮತ್ತೆ ಮೇಲೇಳುತ್ತಿದ್ದರೆ ಅದು ಮುಖ್ಯ ಲಕ್ಷಣ. ಮೂರನೆಯದು, ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಲಿ, ಕನ್ನಡವೋ ತುಳುವೋ ಮಲಯಾಳವೋ ಯಾವ ಭಾಷೆಯಾದರೂ ಸರಿ. ಹತ್ತಕ್ಕಿಂತ ಕಡಿಮೆಯಾದರೆ ವೈದ್ಯರನ್ನು ಬೇಗನೆ ಕಾಣಬೇಕು. ಇಟಲಿಯಲ್ಲಿ ಸಿರೋಸಿಸ್ ರೋಗಿಗಳ ಮೇಲೆ ಒರೆಗೆ ಹಚ್ಚಿದ ಪರೀಕ್ಷೆ ಇದು, ಕಾಗದ ಪೆನ್ಸಿಲೂ ಬೇಡ.

ಆಸ್ಪತ್ರೆಯಲ್ಲಿ ಯಕೃತ್ತಿನ ಗಡುಸುತನ ಅಳೆಯುವ ಫೈಬ್ರೋಸ್ಕ್ಯಾನ್, ರಕ್ತದಲ್ಲಿ ಪ್ಲೇಟ್‌ಲೆಟ್ ಎಣಿಕೆ, ಯಕೃತ್ತು ತಯಾರಿಸುವ ಆಲ್ಬುಮಿನ್ ಪ್ರೋಟೀನು, ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಐಎನ್‌ಆರ್, ಸೋಡಿಯಂ ಇವನ್ನು ನೋಡುತ್ತಾರೆ. ಅಮೋನಿಯದ ರಕ್ತ ಪರೀಕ್ಷೆ ಮಾಡಿಸುವುದಾದರೆ ಆ ಆಸ್ಪತ್ರೆಯ ಲ್ಯಾಬಿನಲ್ಲೇ ರಕ್ತ ಕೊಡುವುದು ಲೇಸು. ತೆಗೆದ ರಕ್ತವನ್ನು ಐಸಿನಲ್ಲಿಟ್ಟು ಕೂಡಲೇ ಪರೀಕ್ಷಿಸದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಪೇಟೆಯ ಸಂಗ್ರಹ ಕೇಂದ್ರದಲ್ಲಿ ಕೊಟ್ಟು ಮಂಗಳೂರಿಗೆ ಕಳುಹಿಸಿದರೆ ನಂಬುವ ಹಾಗಿಲ್ಲ.

ಇದೇ ಕಾರಣವೆಂದು ತಿಳಿದರೆ ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಕೊಡುತ್ತಾರೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಪ್ರಮಾಣ ಹೊಂದಿಸಿಕೊಳ್ಳಬೇಕು. ಮಲಬದ್ಧತೆಯೇ ಎಷ್ಟೋ ಜನರಲ್ಲಿ ಅಮೋನಿಯ ಏರಲು ಕಾರಣವಾಗಿರುತ್ತದೆ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ನೋಟಕ್ಕೆ ಗೊಂದಲವೇ ಕಾಣದ ಸೂಕ್ಷ್ಮ ಹಂತದ ರೋಗಿಗಳಲ್ಲಿಯೂ ಲ್ಯಾಕ್ಟುಲೋಸಿನಿಂದ ದೈನಂದಿನ ಜೀವನ ಸುಧಾರಿಸಿತ್ತು. ಅಗತ್ಯವಿದ್ದರೆ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ರಿಫಾಕ್ಸಿಮಿನ್ ಮಾತ್ರೆ ಸೇರಿಸುತ್ತಾರೆ.

ಊಟದ ವಿಷಯದಲ್ಲಿ ಹಳೆಯ ಸಲಹೆಯೊಂದು ಇನ್ನೂ ಚಾಲ್ತಿಯಲ್ಲಿದೆ, ಅದು ಬೇಳೆಕಾಳು ಬಿಡಬೇಕೆಂಬುದು. ಈಗ ಹಾಗೆ ಹೇಳುವುದಿಲ್ಲ. ಯಕೃತ್ತು ಸೋತಾಗ ಸ್ನಾಯುಗಳೂ ಅಮೋನಿಯವನ್ನು ಹೀರಿಕೊಳ್ಳುತ್ತವೆ, ಪ್ರೋಟೀನು ಬಿಟ್ಟು ಸ್ನಾಯು ಕರಗಿಸಿಕೊಂಡರೆ ಇದ್ದ ನೆರವೂ ಹೋಗುತ್ತದೆ. ಗಂಜಿಯ ಜೊತೆಗೆ ಪಚ್ಚೆಹೆಸರು, ಮೊಸರು, ತೊಗರಿ ಧಾರಾಳವಾಗಿ ಇರಲಿ. ಏಕಾದಶಿಯ ಉಪವಾಸ, ಶನಿವಾರದ ಒಪ್ಪತ್ತು ಇವನ್ನು ಸದ್ಯಕ್ಕೆ ಕೈಬಿಡಲಿ. ಸಿರೋಸಿಸ್ ಇರುವವರ ದೇಹಕ್ಕೆ ಒಂದು ರಾತ್ರಿಯ ಹಸಿವು ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಮಲಗುವ ಮುನ್ನ ಒಂದು ಬಟ್ಟಲು ಮೊಸರವಲಕ್ಕಿಯಂಥದ್ದೇನಾದರೂ ತಿನ್ನುವುದು ನಿಜವಾಗಿ ಚಿಕಿತ್ಸೆಯ ಭಾಗ.

ಇನ್ನು ರಬ್ಬರಿನ ವಿಷಯ, ಇದನ್ನು ನಿಮ್ಮೂರಿನ ಕಡೆಯ ವೈದ್ಯರಲ್ಲದೆ ಬೇರೆಯವರು ಕೇಳಲಿಕ್ಕಿಲ್ಲ. ಸೂರ್ಯ ಏರುವ ಮೊದಲು ಮರದೊಳಗಿನ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಇಳಿಯುತ್ತದೆಂದು, ತಲೆಗೆ ಹೆಡ್‌ಲೈಟ್ ಕಟ್ಟಿ ಮೂರು ಗಂಟೆಗೇ ತೋಟಕ್ಕೆ ಇಳಿಯುವುದು ಟ್ಯಾಪಿಂಗಿನವರ ರೂಢಿ. ವರ್ಷಗಟ್ಟಲೆ ಹೀಗೆ ಎದ್ದವರಿಗೆ ಬೆಳಗಿನ ಜಾವದ ರೆಮ್ ನಿದ್ದೆ ನಿತ್ಯವೂ ಖೋತಾ ಆಗಿರುತ್ತದೆ, ದೇಹದ ಗಡಿಯಾರ ಆ ಹೊತ್ತಿಗೇ ಗಂಟೆ ಬಾರಿಸಲು ಕಲಿತಿರುತ್ತದೆ. ಟ್ಯಾಪಿಂಗ್ ಬಿಟ್ಟ ಮೇಲೂ ಎರಡು ಗಂಟೆಗೆ ಎಚ್ಚರವಾಗುವುದಕ್ಕೆ ಇದೊಂದು ಕಾರಣ ಇರಬಹುದು. ಇದನ್ನು ತಿಳಿಯುವ ಒಂದು ಉಪಾಯವೆಂದರೆ, ಹಿಂದೆ ಆಟಿಯ ಮಳೆಗೆ ಟ್ಯಾಪಿಂಗ್ ನಿಂತಿರುತ್ತಿದ್ದ ವಾರಗಳಲ್ಲಿ ಅವರು ಬೆಳಗಿನ ತನಕ ಮಲಗುತ್ತಿದ್ದರೇ ಎಂದು ನೆನಪಿಸಿಕೊಳ್ಳುವುದು. ಆಗ ಚೆನ್ನಾಗಿ ಮಲಗುತ್ತಿದ್ದವರು ಈಗ ಕೆಲಸವಿಲ್ಲದಿದ್ದರೂ ಮಲಗಲಾರರು ಎಂದಾದರೆ ತಪ್ಪು ಅಭ್ಯಾಸದ್ದಲ್ಲ, ಯಕೃತ್ತನ್ನೇ ವಿಚಾರಿಸಬೇಕು.

ಎರಡು ವಾರ ಒಂದು ನೋಟುಪುಸ್ತಕದಲ್ಲಿ ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಹಗಲಿನ ನಿದ್ದೆ, ಮಲ ಹೋದದ್ದು ಇಷ್ಟನ್ನು ಬರೆದಿಡಿ. ಕೋಲ, ಆಟ ಎಂದು ರಾತ್ರಿ ನಿದ್ದೆಗೆಟ್ಟ ದಿನಗಳಿದ್ದರೆ ಪಕ್ಕದಲ್ಲಿ ಗುರುತು ಹಾಕಿ. ಬೆಳಗ್ಗೆ ಏಳು ಗಂಟೆಯ ಬಿಸಿಲಿಗೆ ಅರ್ಧ ಗಂಟೆ ಅಂಗಳದಲ್ಲಿ ಇರಲಿ, ಹಗಲಿನ ನಿದ್ದೆ ಅರ್ಧ ಗಂಟೆ ಮೀರದಿರಲಿ, ರಾತ್ರಿ ಒಂಬತ್ತೂವರೆಯ ಬದಲು ಹತ್ತೂವರೆಗೆ ಮಲಗಲಿ. ನಿದ್ದೆ ಬಾರದೆ ಹೊರಳಾಡುವಾಗ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮತ್ತೆ ಹಾಸಿಗೆಗೆ ಹೋಗಲಿ.

ಅದೇ ವರದಿಯಲ್ಲಿ ನೀವು ಬರೆಯದೆ ಬಿಟ್ಟಿರುವ ಇನ್ನೆರಡು ಅಂಕಿಗಳಿರುತ್ತವೆ. ಒಂದು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬುದು. ಐದಕ್ಕಿಂತ ಕಡಿಮೆ ಇದ್ದರೆ ಸರಿ, ಹದಿನೈದು ದಾಟಿದರೆ ಹಗಲಿನ ತೂಕಡಿಕೆಗೆ ಅದೇ ಸಾಕಾದ ಕಾರಣ. ಇನ್ನೊಂದು, ಕಾಲು ಎಗರುವುದು. ಕಾಲಿನ ಚಡಪಡಿಕೆಗೆ ಕಬ್ಬಿಣಾಂಶದ ಕೊರತೆ ಕಾರಣವಾಗುವುದುಂಟು, ಆದರೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಯಕೃತ್ತಿನ ರೋಗದಲ್ಲಿ ಸುಮ್ಮನೆ ಏರಿರುವುದರಿಂದ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಕಬ್ಬಿಣದ ಇನ್ನೊಂದು ರಕ್ತ ಪರೀಕ್ಷೆಯನ್ನೂ ನೋಡಿಯೇ ತೀರ್ಮಾನಿಸಬೇಕು.

ವೈರಸ್ ಹತೋಟಿಯಲ್ಲಿದ್ದರೆ ನಿದ್ದೆ ತಾನಾಗಿ ಸರಿಯಾಗಬೇಡವೇ ಎಂದು ಕೇಳಿದ್ದೀರಿ. ಉರಿಯೂತದಿಂದ ಕೆಟ್ಟ ನಿದ್ದೆಯಾದರೆ ಬಹುಮಟ್ಟಿಗೆ ಸುಧಾರಿಸುತ್ತದೆ. ಯಕೃತ್ತಿನಲ್ಲಿ ಈಗಾಗಲೇ ಆಗಿರುವ ಕಲೆ ಮಾತ್ರ ನಿಧಾನವಾಗಿ, ವರ್ಷಗಳ ಲೆಕ್ಕದಲ್ಲಿ, ಅದೂ ಕೆಲವರಲ್ಲಿ ಕರಗುತ್ತದೆ. ಅಲ್ಲಿಯ ತನಕ ಅಮೋನಿಯವನ್ನು ಬೇರೆಯಾಗಿಯೇ ಹತೋಟಿಯಲ್ಲಿಡಬೇಕು. ಮಾತ್ರೆ ತೆಗೆದುಕೊಂಡೂ ನಿದ್ದೆ ಸರಿಯಾಗಲಿಲ್ಲವೆಂದು ಟೆನೊಫೊವಿರ್ ನಿಲ್ಲಿಸಿ ನೆಲನೆಲ್ಲಿ ಕಷಾಯಕ್ಕೆ ಹೋದರೆ ವೈರಸ್ ಒಮ್ಮೆಲೇ ಕೆರಳಿ ಯಕೃತ್ತು ಪೂರ್ತಿ ಕೈಕೊಡಬಹುದು. ಖರ್ಚಿನ ಚಿಂತೆ ಇದ್ದರೆ, 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಮಾತ್ರೆ ಉಚಿತ.

ಇಲ್ಲಿ ನಿಮ್ಮದೇ ವಿಷಯವೊಂದಿದೆ. ನೀವೂ ಮಕ್ಕಳೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ, ಇಲ್ಲವೆಂದಾದರೆ ಲಸಿಕೆ ಹಾಕಿಸಿಕೊಳ್ಳಬೇಕು. ಲಸಿಕೆಯ ದಿನಗಳಲ್ಲಿ ರಾತ್ರಿಗೆ ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದವರಲ್ಲಿ ಈ ಲಸಿಕೆಯ ರಕ್ಷಣೆ ಸರಿಯಾಗಿ ಮೂಡದಿರುವ ಸಂಭವ ಹೆಚ್ಚು ಎಂದು 2012ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ರಾತ್ರಿ ಎರಡರಿಂದ ಅವರ ಜೊತೆ ನೀವೂ ಎಚ್ಚರವಿರುತ್ತೀರಾದರೆ, ಆ ದಿನಗಳಲ್ಲಿ ಮನೆಯವರು ಬೇರೆ ಯಾರಾದರೂ ಸರದಿ ವಹಿಸಿಕೊಳ್ಳಲಿ.

ಸ್ಕೂಟರ್ ಸದ್ಯಕ್ಕೆ ಬೇಡ. ಸೂಕ್ಷ್ಮ ಹಂತದ ಎನ್‌ಸೆಫಲೋಪಥಿಯಲ್ಲಿ ಮಾತು, ಲೆಕ್ಕ, ವ್ಯವಹಾರ ಎಲ್ಲ ಸರಿಯಾಗಿಯೇ ಇದ್ದು, ಫಕ್ಕನೆ ಬ್ರೇಕ್ ಹಿಡಿಯಬೇಕಾದಾಗ ಮಾತ್ರ ಮಿದುಳು ತಡಮಾಡುತ್ತದೆ. ವಾಹನ ಓಡಿಸುವವರಿಗೆ ತಮ್ಮಲ್ಲಿ ಏನೋ ಕೊರತೆಯಿದೆ ಎಂದು ಅನಿಸುವುದೂ ಇಲ್ಲ. ತಜ್ಞರು ಪರೀಕ್ಷಿಸಿ, ಚಿಕಿತ್ಸೆ ಆರಂಭವಾಗಿ, ಹಗಲಿನ ತೂಕಡಿಕೆ ನಿಂತ ಮೇಲೆ ಅವರನ್ನೇ ಕೇಳಿ ಮತ್ತೆ ತೆಗೆಯಬಹುದು. ಅಷ್ಟರೊಳಗೆ ಅವರು ದಿನ ವಾರ ತಪ್ಪಿ ಹೇಳಿದರೆ, ಕರೆದರೂ ಸರಿಯಾಗಿ ಏಳದಿದ್ದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಅಥವಾ ಜ್ವರ ಬಂದರೆ, ಗೊತ್ತುಮಾಡಿದ ದಿನಕ್ಕೆ ಕಾಯದೆ, ರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಕ್ಯಾನಿಂಗ್ ಮತ್ತು ನಿದ್ದೆಯ ಪರೀಕ್ಷೆಯ ವರದಿ ಎರಡನ್ನೂ ಜೊತೆಗಿಟ್ಟುಕೊಳ್ಳಿ.